ಅಜ್ಜಿಯ ಬಲಗೈ, ಕೊಟ್ಟೂರಿನ ಮಂಡಕ್ಕಿ

"ಕನಕಮ್ಮಾ, ಮುಂಜಾನಿಂದ ಹೊಟ್ಟಿಗೆ ಏನಾರ ತಗೊಂಡೀರೇನು?"

ಸಿಸ್ಟರ್ ಕೊಟ್ರಬಸಮ್ಮ ಪೆನ್ನು ಹಿಡಿದೇ ಕೇಳಿದರು. ಎದುರಿನ ಹಾಳೆಯಲ್ಲಿ ಒಂದು ಚೌಕ ಖಾಲಿ ಇತ್ತು. ಅಜ್ಜಿ 'ಇಲ್ಲ' ಅಂದರೆ ಸಾಕು, ಅಲ್ಲಿ ಟಿಕ್ ಬೀಳುತ್ತಿತ್ತು.

"ಇಲ್ಲ ನಮ್ಮವ್ವ. ಒಂದು ಗುಟುಕು ಚಾ ಸೈತ ಕುಡಿದಿಲ್ಲ," ಅಂದಳು ಅಜ್ಜಿ.

ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ಸುಮಂಗಲಾ ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಗದ್ದದ ಮೇಲೆ ಮೂರು ಹಚ್ಚೆ ಚುಕ್ಕಿಗಳಿವೆ. ಅವುಗಳ ಪಕ್ಕದಲ್ಲಿ ಪುಟಾಣಿಯ, ಅಂದರೆ ಹುರಿಗಡಲೆಯ, ಹಿಟ್ಟು ಅಂಟಿತ್ತು. ಹಳದಿ ಬಣ್ಣದ ನಾಲ್ಕನೇ ಚುಕ್ಕಿಯ ಹಾಗೆ.



ಆ ಹಿಟ್ಟು ಎಲ್ಲಿಂದ ಬಂತು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಗೆ ಬರುವಾಗ ಬಸ್ಸು ಕೊಟ್ಟೂರಿನಲ್ಲಿ ಹತ್ತು ನಿಮಿಷ ನಿಂತಿತ್ತು. ಜೊತೆಗೆ ಬಂದಿದ್ದ ಮಾರೇಶ್ ಕಾಕಾ ಸುಮಂಗಲಾಗೆ ಒಂದು ಪೊಟ್ಟಣ ಖಾರ ಮಂಡಕ್ಕಿ, ಒಂದು ಮಿರ್ಚಿ ಕೊಡಿಸಿ, ಸೀಟಿಗೆ ಒರಗಿ ಗೊರಕೆ ಹೊಡೆಯತೊಡಗಿದ. ಕಾಕಾ ಕರೆಂಟಿನ ಲೈನ್‌ಮನ್. ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದ್ದ.

ಆಗ ಅಜ್ಜಿಯ ಎಡಗೈ ಮೆಲ್ಲಗೆ ಪೊಟ್ಟಣದೊಳಗೆ ಬಂತು.

"ಅಜ್ಜಿ, ಏನೂ ತಿನ್ನಬಾರದು ಅಂತ ಬರದೈತಿ," ಅಂದಿದ್ದಳು ಸುಮಂಗಲಾ.

"ಊಟ ಎಲ್ಲಿ ಮಾಡಾಕತ್ತೀನಲೇ? ಮಂಡಕ್ಕಿ ಊಟನೇನು? ಇದು ಬಾಯಾಡ್ಸೋದು."

ಹೌದಲ್ಲ ಅನ್ನಿಸಿತ್ತು ಸುಮಂಗಲಾಗೆ. ಅವರ ಮನೆಗೆ ಯಾರು ಬಂದರೂ ಮೊದಲು ಮಂಡಕ್ಕಿ ಬರುತ್ತದೆ, ಆಮೇಲೆ 'ಊಟ ಮಾಡ್ರಿ' ಅನ್ನುತ್ತಾರೆ. ಮಂಡಕ್ಕಿಯನ್ನು ಯಾರೂ ಊಟ ಅಂದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಅಜ್ಜಿ ಮೂರು ಹಿಡಿ ತಿಂದಳು. ಆಮೇಲೆ ಮಿರ್ಚಿಯಲ್ಲಿ ಅರ್ಧ.

ಆದರೆ ಈಗ, ಫಿನಾಯಿಲ್ ವಾಸನೆಯ ಈ ಕೋಣೆಯಲ್ಲಿ, ಅದು ಬರೀ ಬಾಯಾಡಿಸುವುದು ಅನ್ನಿಸಲಿಲ್ಲ.

ಹೇಳಲೋ ಬೇಡವೋ?

*

ಅಜ್ಜಿಯ ಬಲಗೈಗೆ ನೋವು ಶುರುವಾಗಿ ಒಂದು ವರ್ಷದ ಮೇಲಾಗಿತ್ತು. ಹೋದ ವರ್ಷ ಅಂಬೇಡ್ಕರ್ ಜಯಂತಿಯ ಹಿಂದಿನ ದಿನ ಗೋಡೆಗೆ ಸುಣ್ಣ ಹಚ್ಚುವಾಗ ಅಜ್ಜಿ ಸ್ಟೂಲಿನಿಂದ ಬಿದ್ದಳು. ಮುಂಗೈ ಮುರಿಯಿತು. ಪಟ್ಟಿ ಹಾಕಿದರು, ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು. ನೋವು ಮಾತ್ರ ಹೋಗಲಿಲ್ಲ.

ಅದು ಎಂಥ ನೋವು ಅಂದರೆ, ಸೆರಗು ತಾಗಿದರೂ ಬೆಂಕಿ ತಾಗಿದ ಹಾಗೆ. ಫ್ಯಾನಿನ ಗಾಳಿ ಬಿದ್ದರೂ ಉರಿ. ಅಜ್ಜಿಯ ಕೋಣೆಯ ಫ್ಯಾನು ಒಂದು ವರ್ಷದಿಂದ ತಿರುಗಿರಲಿಲ್ಲ. ಅದರ ಮೇಲೆ ಜೇಡ ಮನೆ ಕಟ್ಟಿ, ಅದಕ್ಕೆ ಮರಿಗಳೂ ಆಗಿದ್ದವು.

ಹರಪನಹಳ್ಳಿಯ ಈ ಆಸ್ಪತ್ರೆಗೆ ಹದಿನೈದು ದಿನಕ್ಕೊಮ್ಮೆ ದಾವಣಗೆರೆಯಿಂದ ಒಬ್ಬ ಡಾಕ್ಟರ್ ಮೇಡಂ ಬರುತ್ತಾರೆ. ನೋವಿಗೆ ಅಂತಲೇ ಇರುವ ಡಾಕ್ಟರ್. ಹೋದ ಸಲ ಅವರು ಅಜ್ಜಿಯ ಕೈಯನ್ನು ಹತ್ತಿಯ ಎಳೆಯಿಂದ ಮುಟ್ಟಿ ನೋಡಿ ಹೇಳಿದ್ದರು, "ಗಾಯ ವಾಸಿ ಆಗೈತಮ್ಮ. ಆದ್ರೆ ಗಾಯ ಆಗೈತೆ ಅಂತ ಸುದ್ದಿ ಒಯ್ಯೋ ನರ ಇನ್ನೂ ಸುಮ್ಮನಾಗಿಲ್ಲ. ಕೂಗ್ತಾನೇ ಐತೆ."

"ಅಂದ್ರ ಮನಿಯಾಗ ಏನೂ ತೊಂದ್ರಿ ಇಲ್ರಿ, ಲೈನ್ ಶಾರ್ಟ್ ಆಗೈತಿ," ಅಂದಿದ್ದ ಕಾಕಾ.

"ಹಾಗೇ ಅನ್ಕಳ್ಳಿ," ಅಂತ ಮೇಡಂ ನಕ್ಕಿದ್ದರು. ಗುಳಿಗೆಗಳಿಂದ ಅಷ್ಟು ಗುಣ ಕಾಣದ್ದರಿಂದ, ಈ ಸಲ ರಕ್ತನಾಳದ ಮೂಲಕ ನಿಧಾನವಾಗಿ ಔಷಧ ಕೊಟ್ಟು ನೋಡೋಣ ಅಂದಿದ್ದರು.

ಬಾಟ್ಲಿ ಏರಿಸುತ್ತಾರೆ ಅಂತ ಓಣಿಯಲ್ಲಿ ಸುದ್ದಿಯಾಯಿತು. ಅವರ ಓಣಿಯಲ್ಲಿ ಬಾಟ್ಲಿ ಅಂದರೆ ಗ್ಲೂಕೋಸ್ ಅಂತ ಎಲ್ಲರಿಗೂ ಗೊತ್ತು. ಜ್ವರ ಬಂದವರು ಹೋಗುತ್ತಾರೆ, ಅರ್ಧ ತಾಸು ಮಲಗುತ್ತಾರೆ, ಎದ್ದು ನಡೆದುಕೊಂಡು ಬರುತ್ತಾರೆ. ಬರುವಾಗ ಸಂತೆಯನ್ನೂ ಮಾಡಿಕೊಂಡು ಬರುತ್ತಾರೆ.

ಅದಕ್ಕೇ ಸುಮಂಗಲಾ ಐದನೇ ಕ್ಲಾಸಿನಲ್ಲಿ ತನ್ನ ಪಕ್ಕ ಕೂರುವ ಲಕ್ಷ್ಮಿದೇವಿಗೆ ಹೇಳಿಬಿಟ್ಟಿದ್ದಳು, "ಶನಿವಾರ ಬಾಟ್ಲಿ. ಸೋಮವಾರ ಹತ್ತು ನೆಟಿಗಿ."

ಸೋಮವಾರ ಖೋಖೋ ಪಂದ್ಯ. ತಾಲೂಕಿನ ಎಲ್ಲ ಶಾಲೆಗಳೂ ಬರುತ್ತವೆ. ಮೊದಲೆಲ್ಲ ಸುಮಂಗಲಾ ಯಾವ ಪಂದ್ಯಕ್ಕೆ ಹೊರಟರೂ ಅಜ್ಜಿ ಎರಡೂ ಕೈಗಳಿಂದ ಅವಳ ಮುಖ ಸವರಿ, ಬೆರಳುಗಳನ್ನು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿಯುತ್ತಿದ್ದಳು. ಲಟಲಟ ಅಂತ ಹತ್ತು. ಬೀದಿಯಲ್ಲಿ ಹೋಗುವವರಿಗೂ ಕೇಳುವಷ್ಟು. "ನನ್ನ ಮಗಳ ಮ್ಯಾಲ ಎಷ್ಟು ಕಣ್ಣು ಬಿದ್ದಿತ್ತು ನೋಡ್ರಿ," ಅಂತ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು.

ಒಂದು ವರ್ಷದಿಂದ ಒಂದೂ ಇಲ್ಲ. ಎಡಗೈಯ ಐದಾದರೂ ತೆಗಿ ಅಂದರೆ, "ಅರ್ಧ ನೆಟಿಗಿ ತೆಗಿಬಾರದಲೇ," ಅನ್ನುತ್ತಿದ್ದಳು ಅಜ್ಜಿ.

*

ಸಿಸ್ಟರ್ ಪೆನ್ನು ಹಾಳೆಯ ಹತ್ತಿರ ಹೋಯಿತು.

ಹೇಳಿದರೆ ಇವತ್ತು ಔಷಧ ಇಲ್ಲ. ಇನ್ನು ಹದಿನೈದು ದಿನ. ಸೋಮವಾರ ಹೋಯಿತು. ಕಾಕಾನ ರಜೆ ಹೋಯಿತು. ಅಜ್ಜಿ ನಾಲ್ಕು ಗಂಟೆಗೆ ಎದ್ದು ಒಂದೇ ಕೈಯಲ್ಲಿ ನೀರು ಹಾಕಿಕೊಂಡು ಬಂದದ್ದೂ ಹೋಯಿತು.

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗದ್ದದ ಹಿಟ್ಟನ್ನು ಸುಮ್ಮನೆ ಒರೆಸಿದರಾಯಿತು.

ಆದರೆ ಫೈಲು ಅವಳ ಕೈಯಲ್ಲಿತ್ತು. ತಾಲೂಕು ಆಫೀಸಿನಲ್ಲಿ ಕೆಲಸ ಮಾಡುವ ಅಪ್ಪ, "ನಿಮ್ಮ ಕಾಕಾ ಹಾಳಿ ಕಳೀತಾನ. ಓದಾಕಿ ನೀನು, ಫೈಲ್ ನೀನ ಇಟ್ಕ," ಅಂತ ಕೊಟ್ಟಿದ್ದ. ಅದರಲ್ಲಿದ್ದ ಸೂಚನೆಗಳ ಹಾಳೆಯನ್ನು ಅವಳೇ ಮೂರು ಸಲ ಜೋರಾಗಿ ಓದಿದ್ದಳು. ಮೂರನೆಯ ಸೂಚನೆಯ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಿಂದ ಗೆರೆ ಎಳೆದವಳೂ ಅವಳೇ. 'ಚಿಕಿತ್ಸೆಗೆ ಆರು ಗಂಟೆ ಮೊದಲಿನಿಂದ ಏನನ್ನೂ ತಿನ್ನಬಾರದು.'

"ಸಿಸ್ಟರ್," ಅಂದಳು ಸುಮಂಗಲಾ. ಸಿಸ್ಟರ್‌ಗೆ ಕೇಳಿಸಲಿಲ್ಲ. ಮತ್ತೆ ಅಂದಳು, "ಸಿಸ್ಟರ್. ಮಂಡಕ್ಕಿ."

"ಏನದು ಮಂಡಕ್ಕಿ?"

"ಅಜ್ಜಿ ಮಂಡಕ್ಕಿ ತಿಂದಾಳ್ರಿ. ಕೊಟ್ಟೂರು ಬಸ್‌ಸ್ಟ್ಯಾಂಡಿನ್ಯಾಗ. ನಂದೇ ಪೊಟ್ಟಣ."

"ಲೇ ಸುಮಿ," ಅಂದಳು ಅಜ್ಜಿ. "ಅದು ಊಟನೇನಲೇ?"

"ಅರ್ಧ ಮಿರ್ಚಿನೂ," ಅಂತ ಸುಮಂಗಲಾ ಒಂದೇ ಉಸಿರಿಗೆ ಮುಗಿಸಿದಳು.

ಕಾಕಾ ಬಾಗಿಲಿನಿಂದ ಒಳಗೆ ಬಂದ. "ಯಾವಾಗ ತಿಂದ್ಲು? ನಾನೆಲ್ಲಿದ್ದೆ?"

"ನಿದ್ದಿಯಾಗಿದ್ದಿ ಕಾಕಾ. ಬಾಯಿ ತಕ್ಕೊಂಡು."

ಸಿಸ್ಟರ್ ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡಳು ಸುಮಂಗಲಾ. ಅವರು ಅಜ್ಜಿಯ ಗದ್ದ ನೋಡಿದರು, ತುಟಿ ಕಚ್ಚಿ ನಗು ತಡೆದರು.

"ನೋಡಬೇ, ನಾನೂ ಕೊಟ್ಟೂರಾಕಿನ. ಮಂಡಕ್ಕಿ ಊಟ ಅಲ್ಲಂತ ನಂಗೂ ಗೊತ್ತು. ಆದ್ರ ಹೊಟ್ಟಿಗೆ ಗೊತ್ತಿಲ್ಲ. ಔಷಧ ಹೋಗುವಾಗ ಕೆಲವರಿಗೆ ವಾಂತಿ ಬಂದಂಗ ಆಗ್ತೈತಿ. ಹೊಟ್ಟ್ಯಾಗ ಇದ್ದದ್ದು ಮ್ಯಾಲ ಬಂದು ಉಸಿರಾಡೋ ದಾರಿಗೆ ಹೋದ್ರ ಕಷ್ಟ. ಅದಕ್ಕ ಬ್ಯಾಡ ಅನ್ನೋದು."

ಅಜ್ಜಿ ಮೆಲ್ಲಗೆ ಎಡಗೈಯಿಂದ ಗದ್ದ ಒರೆಸಿಕೊಂಡಳು.

ಡಾಕ್ಟರ್ ಮೇಡಂ ಬಂದರು. "ಎಷ್ಟೊತ್ತಿಗೆ ತಿಂದಿದ್ದು?"

"ಎಂಟಕ್ಕ ಐದು ನಿಮಿಷ ಇತ್ರಿ," ಅಂದಳು ಸುಮಂಗಲಾ. "ಕಂಡಕ್ಟರ್ ಟೈಮ್ ಹೇಳಿದ್ರು."

ಮೇಡಂ ಗಡಿಯಾರ ನೋಡಿದರು. ಇನ್ನೂ ಹತ್ತು ಗಂಟೆ. "ಎರಡು ಗಂಟೆ ಮೇಲೆ ಕೊಡಬಹುದು. ಆದ್ರೆ ಎರಡಕ್ಕೆ ಇನ್ನೊಬ್ರು ಇದಾರೆ. ಐದಕ್ಕೆ ನಾನು ಹೊರಡಬೇಕು. ಮುಂದಿನ ಸಲ ಮಾಡೋಣ್ವಾ ಅಮ್ಮ?"

ಅಜ್ಜಿ ಎದ್ದು ಎಡಗೈಯಲ್ಲಿ ಚೀಲ ಎತ್ತಿಕೊಂಡಳು. ಬಲಗೈಯನ್ನು ಯಾರಿಗೂ ತಾಗದ ಹಾಗೆ ಎದೆಯ ಮುಂದೆ ಎತ್ತಿ ಹಿಡಿದು ಹೊರಗೆ ನಡೆದಳು. ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಸುಮಂಗಲಾಗೆ.

*

ಹೊರಗೆ ಬೆಂಚಿನ ಮೇಲೆ ಒಬ್ಬ ತಾತ ಕೂತಿದ್ದರು. ಬಿಳೀ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮುಖ ಮಾತ್ರ ಒಣಗಿದ ಹಾಗಲಕಾಯಿ.

"ಪಂಚಾಕ್ಷರಪ್ಪ ಮೇಷ್ಟ್ರೇ, ನಿಮ್ದು ಎರಡು ಗಂಟಿಗೆ ಅಂತ ಹೇಳಿದ್ನಲ್ರಿ," ಅಂತ ಸಿಸ್ಟರ್ ಒಳಗಿನಿಂದಲೇ ಕೂಗಿದರು. "ಸುಮ್ನ ಕುಂದ್ರಿ ಅಲ್ಲೇ."

"ಕೂತೇ ಇದೀನಲ್ಲಮ್ಮ," ಅಂದರು ಅವರು. "ತೆಲಿಗಿ ಊರಿಂದ ನಮ್ಮ ಮೊಮ್ಮಗ ಕಾಲೇಜಿಗೆ ಬರೋ ಟೈಮಿಗೇ ಇಲ್ಲಿ ಬಿಟ್ಟು ಹೋದ. ನಾನೇನು ಮಾಡ್ಲಿ?"

ಅವರ ಹೊಟ್ಟೆ ಗುರ್ರ್ ಅಂದಿತು. ಕಾರಿಡಾರಿನ ಆ ತುದಿಗೂ ಕೇಳಿಸಿತು.

ಸುಮಂಗಲಾ ನಿಂತುಬಿಟ್ಟಳು. ಎರಡು ಗಂಟೆಯವರು ಇವರೇ. ಹೊಟ್ಟೆ ಗುರ್ರ್ ಅನ್ನುತ್ತಿದೆ ಅಂದರೆ...

ಅವಳು ಓಡಿ ಹೋಗಿ ಅವರ ಮುಂದೆ ನಿಂತಳು. "ಸರ್, ನೀವು ಮುಂಜಾನಿಂದ ಏನಾರ ತಿಂದೀರೇನ್ರಿ?"

ಪಂಚಾಕ್ಷರಪ್ಪ ಕನ್ನಡಕದ ಮೇಲಿಂದ ನೋಡಿದರು. "ಯಾಕೆ, ಏನಾದ್ರೂ ಕೊಡಿಸ್ತೀಯೇನು?"

"ಇಲ್ರಿ. ತಿಂದೀರೋ ಇಲ್ಲೋ ಹೇಳ್ರಿ."

"ನಿನ್ನೆ ರಾತ್ರಿ ಎಂಟಕ್ಕೆ ಒಂದು ರೊಟ್ಟಿ ತಿಂದಿದ್ದು. ಇವತ್ತು ಬೆಳಿಗ್ಗೆ ಎಂಟು ಗಂಟೆವರೆಗೂ ತಿನ್ನಬಹುದು ಅಂದಿದ್ರು. ಭಯಕ್ಕೆ ತಿಂದಿಲ್ಲ."

"ಮಂಡಕ್ಕಿ?"

"ಮಂಡಕ್ಕಿನೂ ಇಲ್ಲ."

"ಮಿರ್ಚಿ?"

"ಹೊಟ್ಟೆ ಉರಿಸಬೇಡ ಮಗಾ, ಹೋಗು."

ಸುಮಂಗಲಾ ಹೋಗಲಿಲ್ಲ. ಹೋದದ್ದು ಡಾಕ್ಟರ್ ಮೇಡಂ ಕೋಣೆಗೆ, ಬಾಗಿಲು ತಟ್ಟದೆ. "ಮೇಡಂ, ಅಜ್ಜಿದು ಹತ್ತು ಗಂಟಿ, ತಾತಂದು ಎರಡು ಗಂಟಿ. ತಾತನ ಹೊಟ್ಟಿ ಖಾಲಿ ಐತ್ರಿ, ಅಜ್ಜಿದು ಎರಡಕ್ಕ ಖಾಲಿ ಆಗ್ತೈತಿ. ಅದಲು ಬದಲು ಮಾಡ್ರಿ."

ಮೇಡಂ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ತೆರೆದ ಬಾಗಿಲಿನಿಂದ ಪಂಚಾಕ್ಷರಪ್ಪನವರ ಮುಖ ನೋಡಿದರು. ಅವರು ಆಗಲೇ ಎದ್ದು ಚಪ್ಪಲಿ ಬಿಡುತ್ತಿದ್ದರು.

*

"ನಂದು ಇದು ಮೂರನೇ ಸಲ," ಅಂತ ಒಳಗೆ ಹೋಗುವ ಮೊದಲು ಪಂಚಾಕ್ಷರಪ್ಪ ಅಜ್ಜಿಗೆ ಹೇಳಿದರು. ಅವರಿಗೆ ಸೊಂಟದಿಂದ ಕಾಲಿನ ತನಕ ನರದ ನೋವು. ಮೊದಲ ಸಲ ಯಾರೂ ಏನೂ ಹೇಳದೆ ಹೆದರಿ ಸತ್ತಿದ್ದೆ, ನೀವು ಹೆದರಬಾರದು ಅಂತ ಅವರು ಪಾಠ ಹೇಳುವ ಹಾಗೆ ಶುರು ಮಾಡಿದರು. "ಸೂಜಿ ಒಂದೇ ಸಲ, ಇರುವೆ ಕಚ್ಚಿದಂಗೆ. ಆಮೇಲೆ ತುಟಿ ಸುತ್ತ ಜುಮ್ ಅಂತೈತೆ. ನಾಲಿಗೆ ಮೇಲೆ ಕಬ್ಬಿಣದ ರುಚಿ. ಕಿವಿಯಾಗೆ ಜೇನು ಹಾರಿದಂಗೆ. ಸ್ವಲ್ಪ ತಲೆ ಹಗುರ. ಅಂಥದ್ದು ಏನೇ ಆದ್ರೂ ಸಿಸ್ಟರ್‌ಗೆ ಹೇಳ್ಬೇಕು. ಮುಚ್ಚಿಡಬಾರದು."

"ಮುಚ್ಚಿಡಾಕ ನಮ್ಮ ಮನಿಯಾಗ ಬಿಡಂಗಿಲ್ಲ ಬಿಡ್ರಿ," ಅಂದಳು ಅಜ್ಜಿ ಸುಮಂಗಲಾಳ ಕಡೆ ನೋಡುತ್ತ. ಬೈದ ಹಾಗಿತ್ತು. ಆದರೆ ಮೂಗಿನ ನತ್ತು ಅಲುಗುತ್ತಿತ್ತು. ಅಜ್ಜಿ ನಗು ತಡೆದಾಗ ಹಾಗಾಗುತ್ತದೆ.

ಎರಡು ಗಂಟೆಯ ತನಕ ಸುಮಂಗಲಾ ಅಜ್ಜಿಯನ್ನು ಪೊಲೀಸರ ಹಾಗೆ ಕಾದಳು. ಯಾರೋ ಬಿಸ್ಕತ್ತು ಕೊಡಲು ಬಂದರು, ಬೇಡ ಅಂದಳು. ಚಹಾದವನು ಬಂದ, ಅವನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ಕಾಕಾ ಕಂಬದ ಹಿಂದೆ ನಿಂತು ಕದ್ದು ಬಾಳೆಹಣ್ಣು ತಿನ್ನುತ್ತಿದ್ದ.

"ಸಿಪ್ಪಿ ಕಾಣಾಕತ್ತೈತಿ ಮಾರೇಶ," ಅಂದಳು ಅಜ್ಜಿ ತಿರುಗಿಯೂ ನೋಡದೆ.

*

ಎರಡು ಗಂಟೆಗೆ ಅಜ್ಜಿಯನ್ನು ಮೊದಲು ತೂಕ ಮಾಡಿದರು. ತೂಕ ನೋಡಿಯೇ ಎಷ್ಟು ಔಷಧ ಅಂತ ಗೊತ್ತು ಮಾಡುತ್ತಾರಂತೆ.

"ಐವತ್ತೆರಡು," ಅಂದರು ಸಿಸ್ಟರ್.

"ಮಂಡಕ್ಕಿ ಸೇರಿನೋ ಬಿಟ್ಟೋ?" ಅಂತ ಕೇಳಿದ ಕಾಕಾ.

ಎದೆಯ ಮೇಲೆ ಮೂರು ಸ್ಟಿಕ್ಕರ್ ಅಂಟಿಸಿ ವೈರು ಸಿಕ್ಕಿಸಿದರು. ಬಿ.ಪಿ. ಪಟ್ಟಿಯನ್ನು ಕಾಲಿಗೆ ಕಟ್ಟಿದರು. ಎಡಗೈ ಬೆರಳಿಗೆ ಒಂದು ಕ್ಲಿಪ್ಪು. "ಬಟ್ಟಿ ಒಣಗ ಹಾಕ್ತಾರೇನಲೇ ನನ್ನ?" ಅಂದಳು ಅಜ್ಜಿ. ಟಿ.ವಿ.ಯಂಥ ಪೆಟ್ಟಿಗೆಯಲ್ಲಿ ಹಸಿರು ಗೆರೆ ಏರಿ ಇಳಿಯುತ್ತ ಓಡಿತು. ಎಡಗೈಗೇ ಸೂಜಿ ಚುಚ್ಚಿದರು. ಸುಮಂಗಲಾ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಮುಚ್ಚಲಿಲ್ಲ.

"ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟೈತೆ ಹೇಳಿ ಅಮ್ಮ. ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತಡಿಯಕ್ಕೇ ಆಗಲ್ಲ," ಅಂದರು ಮೇಡಂ.

"ಹದಿನಾಲ್ಕು," ಅಂದಳು ಅಜ್ಜಿ.

"ಹತ್ತರ ಒಳಗ ಹೇಳ್ಬೇಕಜ್ಜಿ," ಅಂದಳು ಸುಮಂಗಲಾ.

"ಹತ್ತರ ಒಳಗ ಹಿಡಿಸಂಗಿಲ್ಲಲೇ ಇದು." ಸ್ವಲ್ಪ ಯೋಚಿಸಿ, "ಈಗ ಹೆಂಗೈತಿ ಅಂದ್ರ ಎಂಟು ಬರಕಳ್ರಿ," ಅಂದಳು.

ಔಷಧ ಶುರುವಾಯಿತು. ಬಾಟ್ಲಿಯನ್ನು ಸುಮ್ಮನೆ ನೇತು ಹಾಕಿರಲಿಲ್ಲ. ಒಂದು ಪುಟ್ಟ ಮೆಷಿನ್ ಲೆಕ್ಕ ಹಾಕಿ ಔಷಧ ತಳ್ಳುತ್ತಿತ್ತು. ಸುಮಂಗಲಾ ಕೊಳವೆಯನ್ನೇ ನೋಡುತ್ತ ಕೂತಳು. ಒಂದು ಹನಿ. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು.

"ಸ್ವಲ್ಪ ಜೋರು ಬಿಡ್ರಿ," ಅಂದ ಕಾಕಾ. "ನಮ್ಮೂರಾಗ ಅರ್ಧ ತಾಸಿಗೆ ಬಾಟ್ಲಿ ಖಾಲಿ ಮಾಡ್ತಾರ."

"ಅದು ಗ್ಲೂಕೋಸ್," ಅಂದರು ಮೇಡಂ. "ಇದನ್ನ ಓಡಿಸಿದ್ರೆ ಎದೆ ಬಡಿತಕ್ಕೆ ತೊಂದ್ರೆ ಕೊಡ್ತೈತೆ. ಸಾವಕಾಶ ಹೋದ್ರೇನೇ ಔಷಧ."

ಕಾಲು ತಾಸು ಆಗಿರಬಹುದು. ಅಜ್ಜಿ ತುಟಿ ನೆಕ್ಕಿಕೊಂಡಳು. ಮತ್ತೆ ನೆಕ್ಕಿಕೊಂಡಳು.

"ಏನಾತಜ್ಜಿ?"

"ನಾಲಿಗಿ ಮ್ಯಾಲ ಹಳೇ ಎಂಟಾಣಿ ಇಟ್ಟಂಗ ಐತಿ," ಅಂತ ಅಜ್ಜಿ ಪಿಸುಗುಟ್ಟಿದಳು. "ಕಿವಿನೂ ಗುಂಯ್ ಅಂತೈತಿ. ಹೇಳಬ್ಯಾಡಲೇ. ಹೇಳಿದ್ರ ಬಂದ್ ಮಾಡ್ತಾರ."

ಸುಮಂಗಲಾ ಅಜ್ಜಿಯ ಮುಖ ನೋಡಿದಳು. ಬೆಳಿಗ್ಗೆ ಅಷ್ಟು ಕಷ್ಟವಾಗಿದ್ದ ಕೆಲಸ ಈಗ ಅಷ್ಟು ಕಷ್ಟ ಅನ್ನಿಸಲಿಲ್ಲ.

"ಸಿಸ್ಟರ್, ಎಂಟಾಣಿ ಬಂತು."

ಸಿಸ್ಟರ್ ಓಡಿ ಬರಲಿಲ್ಲ, ಆದರೆ ಬೇಗ ಬಂದರು. ಹಸಿರು ಗೆರೆ ನೋಡಿದರು, ಬಿ.ಪಿ. ನೋಡಿದರು, ಮೇಡಂ ಹತ್ತಿರ ಮಾತಾಡಿ ಮೆಷಿನ್‌ನ ಒಂದು ಬಟನ್ ಒತ್ತಿದರು.

"ಬಂದ್ ಆತೇನು?" ಅಂದಳು ಅಜ್ಜಿ.

"ಎಲ್ಲಿ ಬಂದ್? ಇನ್ನಷ್ಟು ಸಾವಕಾಶ ಮಾಡೀನಿ ಅಷ್ಟ. ಹಿಂಗ ಹೇಳ್ತಿರಬೇಕು ನೋಡು."

ಐದು ನಿಮಿಷದಲ್ಲಿ ಎಂಟಾಣೆ ಹೋಯಿತು. ಅಜ್ಜಿಗೆ ಜೊಂಪು ಹತ್ತಿತು. ಮೂಗಿನ ನತ್ತು ಉಸಿರಿನ ಜೊತೆ ಮೇಲೆ ಕೆಳಗೆ ಆಡಿತು. ಬಲಗೈ ಹೊಟ್ಟೆಯ ಮೇಲೆ ಸುಮ್ಮನೆ ಮಲಗಿತ್ತು. ಬೆರಳುಗಳು ಬಿಚ್ಚಿದ್ದವು. ಅವು ಯಾವಾಗಲೂ ಮುದುಡಿಕೊಂಡೇ ಇರುತ್ತಿದ್ದವು ಅನ್ನುವುದು ಸುಮಂಗಲಾಗೆ ಆಗ ನೆನಪಾಯಿತು.

*

ಔಷಧ ಮುಗಿದ ಮೇಲೂ ಒಂದು ತಾಸು ಮಲಗಿಸಿದರು. ಇವತ್ತು ಒಬ್ಬರೇ ಎಲ್ಲೂ ಓಡಾಡಬಾರದು, ಜೊತೆಗೆ ಯಾರಾದರೂ ಇರಬೇಕು ಅಂದರು. ಆಮೇಲೆ ಮೇಡಂ ಮತ್ತೆ ಕೇಳಿದರು, "ಈಗ ಎಷ್ಟು ಅಮ್ಮ?"

ಸುಮಂಗಲಾ ಮನಸ್ಸಿನಲ್ಲೇ ಹೇಳಿಕೊಟ್ಟಳು. ಸೊನ್ನೆ. ಹೋಗಲಿ, ಒಂದು.

ಅಜ್ಜಿ ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದಳು. "ಆರು ಅನ್ರಿ."

ಆರು. ಇಷ್ಟೆಲ್ಲ ಆಗಿ ಬರೀ ಎರಡು ಕಡಿಮೆ.

ಸುಮಂಗಲಾಳ ಮುಖ ನೋಡಿ ಮೇಡಂ ಸ್ಟೂಲು ಎಳೆದುಕೊಂಡು ಅವಳ ಎದುರಿಗೇ ಕೂತರು. "ಒಬ್ಬೊಬ್ರಿಗೆ ಒಂದೊಂದು ಥರ ಪುಟ್ಟಿ. ಕೆಲವರಿಗೆ ಇವತ್ತೇ ಗೊತ್ತಾಗ್ತೈತೆ, ಕೆಲವರಿಗೆ ಎರಡು ಮೂರು ದಿನ ಬೇಕು. ಕೆಲವರಿಗೆ ಅಷ್ಟು ಗುಣ ಕಾಣೋದೂ ಇಲ್ಲ. ಇನ್ನೊಂದೆರಡು ಸಲ ಕೊಡಬೇಕಾಗಬಹುದು. ನೀನು ದಿನಾ ಸಂಜೆ ಅಜ್ಜಿನ ಕೇಳಿ ನಂಬರ್ ಬರೆದಿಡು. ನಂಗೆ ಸರಿಯಾದ ಸುದ್ದಿ ಬೇಕು. ನೀನಂತೂ ಸುಳ್ಳು ಬರಿಯಲ್ಲ ಅಂತ ಗೊತ್ತೈತೆ."

ಹೊರಗೆ ಬಂದರೆ ಪಂಚಾಕ್ಷರಪ್ಪ ಇನ್ನೂ ಅಲ್ಲೇ ಇದ್ದರು. ಕಾಲೇಜು ಬಿಟ್ಟು ಮೊಮ್ಮಗ ಬರುವುದನ್ನು ಕಾಯುತ್ತಿದ್ದರಂತೆ. ಮುಖ ಈಗ ಹಾಗಲಕಾಯಿ ಇರಲಿಲ್ಲ. ಪಕ್ಕದಲ್ಲಿ ದೊಡ್ಡ ಪೊಟ್ಟಣ ಇತ್ತು.

"ತಗಳ್ರಮ್ಮ," ಅಂದರು. "ಹಸಿವು ಏನು ಅಂತ ಇವತ್ತು ನಿಮಗೂ ಗೊತ್ತಾಗೈತೆ, ನಂಗೂ ಗೊತ್ತಾಗೈತೆ."

ಮಂಡಕ್ಕಿ. ನಾಲ್ಕು ಮಿರ್ಚಿ.

ಅಜ್ಜಿ ಪೊಟ್ಟಣ ಹಿಡಿದು ಸಿಸ್ಟರ್ ಕಡೆ ತಿರುಗಿದಳು. "ಈಗ ತಿನ್ನಬಹುದೇನು ನಮ್ಮವ್ವ?"

"ಸ್ವಲ್ಪ ಸ್ವಲ್ಪ ತಿನ್ನು. ಮಿರ್ಚಿ ಇವತ್ತು ಬ್ಯಾಡ."

ಮಿರ್ಚಿಗಳು ಕಾಕಾನ ಪಾಲಾದವು. ಸಿಸ್ಟರ್ ಕೈ ಹಾಕಿ ಒಂದು ಹಿಡಿ ಮಂಡಕ್ಕಿ ತಗೊಂಡರು. "ನಾನು ಊಟ ಮಾಡಾಕತ್ತಿಲ್ಲ ಮತ್ತ," ಅಂದರು.

*

ಭಾನುವಾರ ಮನೆ ತುಂಬ ಜನ. ಬಾಟ್ಲಿ ಏರಿಸಿಕೊಂಡವರನ್ನು ನೋಡಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಏಳು ಪ್ಯಾಕೆಟ್ ಬ್ರೆಡ್ಡು ಸೇರಿದವು.

"ಆರಾಮಾತೇನು ಕನಕಮ್ಮ?"

"ಆಗಾಕತ್ತೈತ್ರಿ."

ಪ್ರತಿಯೊಬ್ಬರಿಗೂ ಅದೇ ಉತ್ತರ. ಆತು ಅಂತ ಅಜ್ಜಿ ಒಬ್ಬರಿಗೂ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಅಜ್ಜಿ ಮಂಚದ ಮೇಲೆ ಅಡ್ಡಾದಳು. ಸುಮಂಗಲಾ ಕೆಳಗೆ ಕೂತು ಖೋಖೋ ಬೂಟಿನ ಲೇಸು ಪೋಣಿಸುತ್ತಿದ್ದಳು.

"ಏನು ಸೆಕಿ ಬಂತಲೇ," ಅಂದಳು ಅಜ್ಜಿ. "ಫ್ಯಾನ್ ಹಾಕು."

ಸುಮಂಗಲಾಳ ಕೈಯಿಂದ ಲೇಸು ಬಿತ್ತು. ಅಡುಗೆಮನೆಯಲ್ಲಿ ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಅಲ್ಲೇ ಕೂತು ಪೇಪರ್ ಓದುತ್ತಿದ್ದ ಅಪ್ಪ ಪೇಪರ್ ಇಳಿಸಿದ.

"ಫ್ಯಾನೇನು ಅಜ್ಜಿ?"

"ಹೂಂ. ಫ್ಯಾನು. ಎಲ್ಲಾರೂ ಯಾಕ ಹಂಗ ನೋಡ್ತೀರಿ?"

ಸುಮಂಗಲಾ ಒಂದನೇ ನಂಬರಿಗೆ ತಿರುಗಿಸಿದಳು. ಫ್ಯಾನು ಕಿರ್ ಅಂತ ಯೋಚಿಸಿ, ಮೆಲ್ಲಗೆ ಹೊರಟಿತು. ಜೇಡನ ಬಲೆ, ಒಂದು ವರ್ಷದ ದೂಳು ಎಲ್ಲ ಅಪ್ಪನ ತಲೆಯ ಮೇಲೆ ಬಿತ್ತು. ಅಪ್ಪ ಸೀನುತ್ತ ಸೀನುತ್ತ ನಕ್ಕ. ಅಜ್ಜಿಯ ಬಲಗೈ ಮೇಲೆ ಗಾಳಿ ಬೀಸಿತು. ಅಜ್ಜಿ ಕೈ ಎಳೆದುಕೊಳ್ಳಲಿಲ್ಲ.

ಸಂಜೆ ಸುಮಂಗಲಾ ನೋಟ್‌ಬುಕ್ಕಿನಲ್ಲಿ ಬರೆದಳು: ಭಾನುವಾರ, ಐದು. ಪಕ್ಕದಲ್ಲಿ ಒಂದು ಪುಟ್ಟ ಫ್ಯಾನಿನ ಚಿತ್ರ ಬಿಡಿಸಿದಳು.

*

ಸೋಮವಾರ ಬೆಳಿಗ್ಗೆ ಬೂಟು ಹಾಕಿಕೊಂಡು, ಎರಡು ಜಡೆ ಬಿಗಿಯಾಗಿ ಕಟ್ಟಿಸಿಕೊಂಡು ಅವಳು ಅಜ್ಜಿಯ ಮುಂದೆ ನಿಂತಳು. ಕೇಳಬಾರದು ಅಂತ ಮೊದಲೇ ನಿರ್ಧರಿಸಿದ್ದಳು. ಕೇಳಲಿಲ್ಲ. ಆದರೂ ನಿಂತಿದ್ದಳು.

"ಬಾ ಇಲ್ಲಿ," ಅಂದಳು ಅಜ್ಜಿ.

ಎಡಗೈ ಎದ್ದಿತು. ಅದರ ಹಿಂದೆ, ಸ್ವಲ್ಪ ತಡವಾಗಿ, ಬಲಗೈ.

ಸುಮಂಗಲಾ ಕಣ್ಣು ಮುಚ್ಚಿದಳು. ಒಂದು ಕೆನ್ನೆಗೆ ಅಜ್ಜಿಯ ಎಡಗೈ ತಾಗಿತು. ಇನ್ನೊಂದು ಕೆನ್ನೆಗೆ ಮೊದಲು ಒಂದು ಬೆರಳ ತುದಿ. ನಿಂತಿತು. ಆಮೇಲೆ ಎರಡು ಬೆರಳು. ಆಮೇಲೆ ಇಡೀ ಅಂಗೈ. ಒರಟಾದ, ಬೆಚ್ಚನೆಯ ಅಂಗೈ. ಅದು ಅಷ್ಟು ಒರಟು ಅನ್ನುವುದನ್ನೇ ಅವಳು ಮರೆತಿದ್ದಳು. ಅದು ಕೆನ್ನೆಯ ಮೇಲೆ ತುಂಬ ಹೊತ್ತು ಇತ್ತು.

ಆಮೇಲೆ ಎರಡೂ ಕೈ ಅಜ್ಜಿಯ ಕಣತಲೆಗೆ ಹೋದವು.

ಲಟ ಲಟ ಲಟ ಲಟ ಲಟ.

ಅಷ್ಟೇ. ಬಲಗೈ ಬೆರಳುಗಳು ಕಣತಲೆಯನ್ನು ಮುಟ್ಟಿ ಸುಮ್ಮನೆ ಕೆಳಗಿಳಿದವು.

"ಇದು ಇನ್ನಾ ಮಾತಾಡಾಕ ಒಲ್ಲದು ನೋಡು," ಅಂದಳು ಅಜ್ಜಿ.

"ಇರ್ಲಿ ಬಿಡಜ್ಜಿ."

ಮೈದಾನದಲ್ಲಿ ಲಕ್ಷ್ಮಿದೇವಿ ಕಾಯುತ್ತಿದ್ದಳು. ದೂರದಿಂದಲೇ ಕೂಗಿದಳು, "ಹತ್ತಾದ್ವೇನಲೇ?"

"ಐದು."

"ಇನ್ನೈದು?"

ಸುಮಂಗಲಾ ಕೆನ್ನೆ ಮುಟ್ಟಿಕೊಂಡಳು. ಅಜ್ಜಿ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆ ಅಲ್ಲಿ ಇನ್ನೂ ಸ್ವಲ್ಪ ಜಿಡ್ಡು ಜಿಡ್ಡಾಗಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಬರ್ತಾವ," ಅಂದಳು. "ಸಾವಕಾಶ."

ಪಿ.ಟಿ. ಸರ್ ಸೀಟಿ ಊದಿದರು. ಅವಳು ಓಡಿದಳು.